ಕಾರ್ಡಿನಲ್ಲಿ ಅಣ್ಣ

"ತಲೆ ಬಗ್ಗಿಸು! ಉಸಿರೆತ್ತಬೇಡ!"

ಕಲ್ತೂಮಾ ತಾನು ಹೊದ್ದಿದ್ದ ಉದ್ದನೆಯ ಬಟ್ಟೆಯ ಅರ್ಧವನ್ನು ಆ ಅಪರಿಚಿತನ ಮೇಲೆ ಎಳೆದುಬಿಟ್ಟಳು.

ಕತ್ತೆಗಾಡಿಯ ತುಂಬ ಹೆಂಗಸರು, ಮಕ್ಕಳು, ಪಾತ್ರೆಗಳು. ಅವುಗಳ ನಡುವೆ ಇವನು... ಯಾವ ಪೊದೆಯಿಂದ ಓಡಿಬಂದು ಹತ್ತಿದನೋ! ಬೆನ್ನ ಹಿಂದೆ ಜೆನೀನಾ ಪಟ್ಟಣ ಉರಿಯುತ್ತಿತ್ತು. ಚಾಡ್ ದೇಶದ ಗಡಿಗೆ ಇನ್ನೂ ಅರ್ಧ ಗಂಟೆಯ ದಾರಿ. ರಸ್ತೆಯಲ್ಲಿ ಬಂದೂಕು ಹಿಡಿದವರು ಗಂಡಸರನ್ನು ಮಾತ್ರ ಕೆಳಗಿಳಿಸುತ್ತಿದ್ದರು. ಇಳಿದವರು ಮತ್ತೆ ಹತ್ತುತ್ತಿರಲಿಲ್ಲ.

"ಯಾರದು, ಬಟ್ಟೆ ಕೆಳಗೆ?"

"ನನ್ನ ಅಣ್ಣ. ಕಾಲರಾ ಆಗಿದೆ. ಬೆಳಗ್ಗೆಯಿಂದ ವಾಂತಿ, ಭೇದಿ... ಬೇಕಾದ್ರೆ ಮುಟ್ಟಿ ನೋಡಿ."

ಬಂದೂಕಿನವನು ಎರಡು ಹೆಜ್ಜೆ ಹಿಂದೆ ಸರಿದ. ಗಾಡಿ ಮುಂದೆ ಹೋಯಿತು.

ಬಟ್ಟೆಯೊಳಗಿನಿಂದ ಮೆಲ್ಲನೆ ಒಂದು ದನಿ. "ನನ್ನ ಹೆಸರು ಅರ್ಬಾಬ್."

"ನಿನ್ನ ಹೆಸರು ಯಾರು ಕೇಳಿದ್ರು? ಸಾಯ್ತಿರೋನ ಹಾಗೆ ಬಿದ್ದಿರು!"

ಗದರಿದಳು, ನಿಜ. ಆದರೆ ಅವನ ಭುಜ ಒತ್ತಿ ಹಿಡಿದಿದ್ದ ಕೈಯನ್ನು ಗಡಿ ದಾಟುವವರೆಗೂ ತೆಗೆಯಲಿಲ್ಲ.

ಗಡಿಯಾಚೆ ನಿರಾಶ್ರಿತರ ಹೆಸರು ಬರೆಯುವ ಸಾಲು. ಮೇಜಿನ ಹಿಂದಿದ್ದವಳು ತಲೆಯೆತ್ತದೆ ಕೇಳಿದಳು. "ನಿಮ್ಮಿಬ್ಬರ ಸಂಬಂಧ?"

ಕಲ್ತೂಮಾಳ ಕಾಲು ಚಾಡ್‌ನಲ್ಲಿತ್ತು, ನಾಲಿಗೆ ಇನ್ನೂ ಆ ಬಂದೂಕಿನ ಮುಂದೆಯೇ ಇತ್ತು.

"ಅಣ್ಣ."

ಒಂದೇ ಕಾರ್ಡು ಬಂತು. ಅದರಲ್ಲಿ ಎರಡು ಹೆಸರು.

ಸುಳ್ಳು ಬರೆಸಿದ್ದು ಗೊತ್ತಾದರೆ ಕಾರ್ಡೇ ರದ್ದು, ಜೋಳವೂ ಇಲ್ಲ, ಎಣ್ಣೆಯೂ ಇಲ್ಲ ಎಂದು ಬಿಡಾರದಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾರಿಗೆ ಬೇಕು ಆ ಭಯ! ಇಬ್ಬರೂ ಬಾಯಿ ಮುಚ್ಚಿಕೊಂಡರು. ನಿಜ ಗೊತ್ತಿದ್ದದ್ದು ಅದೇ ಗಾಡಿಯಲ್ಲಿ ಬಂದ ತೋಮಾ ಅಜ್ಜಿಗೆ ಮಾತ್ರ. ಕಲ್ತೂಮಾ ಅಜ್ಜಿಯ ಜೊತೆ ಟಾರ್ಪಾಲಿನ ಒಳಗೆ ಮಲಗುತ್ತಿದ್ದಳು. ಅರ್ಬಾಬ್ ಮರದಡಿಯ ಗಂಡಸರ ಜೊತೆ.

ಐದು ತಿಂಗಳಾಯಿತು.

ಅರ್ಬಾಬ್ ಒಡೆದ ನೀರಿನ ಕ್ಯಾನುಗಳಿಗೆ ಕಾದ ಚಾಕುವಿನಿಂದ ಬೆಸುಗೆ ಹಾಕುತ್ತಿದ್ದ. ಕಲ್ತೂಮಾ ಪರಿಹಾರ ಸಂಸ್ಥೆಯವರ ಜೊತೆ ಮಕ್ಕಳ ತೋಳಿಗೆ ಅಳತೆಪಟ್ಟಿ ಸುತ್ತುತ್ತಿದ್ದಳು. ಹಸಿರು ಬಂದರೆ ಮಗು ಚೆನ್ನಾಗಿದೆ. ಹಳದಿ ಬಂದರೆ ಜಾಗ್ರತೆ. ಕೆಂಪು ಬಂದರೆ ಓಡಬೇಕು.

ಸಂಜೆ ಅವನು ಕ್ಯಾನು ಹೊತ್ತು ನೀರು ತಂದಿಡುತ್ತಿದ್ದ. ಎಲ್ಲರೂ ಕೇಳಲಿ ಎಂದು ಅವಳು ಜೋರಾಗಿ ಹೇಳುತ್ತಿದ್ದಳು. "ಬಂದ್ಯಾ ಅಣ್ಣಾ?"

ಆ ಒಂದು ಪದ ಹೇಳುವುದು ಅವಳಿಗೆ ಯಾಕೆ ದಿನೇ ದಿನೇ ಕಷ್ಟವಾಗತೊಡಗಿತೋ...

ಅವತ್ತು ಅವಳ ಕೈಯಲ್ಲಿ ಒಂದು ಕೂಸಿನ ತೋಳಿತ್ತು. ಪಟ್ಟಿ ಹಳದಿಗೆ ಬಂದು ನಿಂತಿತ್ತು. ತೋಮಾ ಅಜ್ಜಿ ಏದುಸಿರು ಬಿಡುತ್ತ ಬಂದಳು.

"ಏನೇ, ಇಲ್ಲಿ ಕೂತಿದೀಯಾ! ಅಲ್ಲಿ ನಿನ್ನ ಮದುವೆ ಮಾತಾಡ್ತಿದಾರೆ!"

"ಯಾರು?"

"ನೀರಿನ ಸಮಿತಿಯ ತಿಜಾನಿ ಕಡೆಯೋರು. ಚಹಾ, ಸಕ್ಕರೆ ತಗೊಂಡು ಬಂದಿದಾರೆ, ಒಳ್ಳೆಯ ಮಾತು ಹೇಳೋಕೆ."

ಅವರ ಸೀಮೆಯಲ್ಲಿ ಹೆಣ್ಣು ಕೇಳುವುದಕ್ಕೆ 'ಒಳ್ಳೆಯ ಮಾತು' ಎನ್ನುತ್ತಾರೆ. ಗಂಡು ತಾನೇ ಹೋಗಿ ಕೇಳುವ ಹಾಗಿಲ್ಲ. ಅವನ ಹಿರಿಯರು ಹೋಗಬೇಕು, ಹೆಣ್ಣಿನ ಮನೆಯ ಗಂಡಸಿನ ಹತ್ತಿರ.

ಕಲ್ತೂಮಾ ಪಟ್ಟಿ ಬಿಟ್ಟು ಎದ್ದಳು. "ಯಾರ ಹತ್ತಿರ ಹೇಳಿದ್ರು?"

"ಇನ್ಯಾರ ಹತ್ತಿರ? ಕಾರ್ಡಿನಲ್ಲಿ ಅಣ್ಣ ಅಂತ ಒಬ್ಬ ಇದಾನಲ್ಲ, ಅವನ ಹತ್ತಿರ!"

"ಅವನೇನಂದ?"

ಅಜ್ಜಿ ಕಣ್ಣು ತಪ್ಪಿಸಿದಳು. "ಮೂರು ದಿನ ಕೊಡಿ ಅಂದ."

ಮೂರು ದಿನ! ಆಗುವುದಿಲ್ಲ ಅನ್ನಲಿಲ್ಲ... ಯೋಚಿಸಲು ಸಮಯ ಕೇಳಿದ!

ಸಂಜೆ ಅವನು ಬಂದಾಗ ಅವಳು ಅಣ್ಣಾ ಎನ್ನಲಿಲ್ಲ.

"ತಿಜಾನಿ ಹೇಗೆ?" ಎಂದಳು, ಒಲೆಯಿಂದ ಕಣ್ಣೆತ್ತದೆ.

ಅರ್ಬಾಬ್ ಕ್ಯಾನಿನ ಮುಚ್ಚಳ ತಿರುಗಿಸತೊಡಗಿದ. "ಒಳ್ಳೆಯವನು. ಹೆಂಡತಿ ಸತ್ತ ಮೇಲೆ ಮಕ್ಕಳನ್ನ ಚೆನ್ನಾಗಿ ನೋಡ್ಕೊಂಡಿದಾನೆ. ನೀನೇನಂತೀಯಾ?"

ಬೇಡ ಅನ್ನು. ಒಂದು ಸಲ, ಒಂದೇ ಸಲ ಬೇಡ ಅನ್ನು!

ಆದರೆ ಅವನು ಮುಚ್ಚಳ ತಿರುಗಿಸುತ್ತಲೇ ಇದ್ದ.

"ನಾನೇನು ಹೇಳೋದು? ಅಣ್ಣ ಹೇಳಿದ ಹಾಗೆ!"

ಕಲ್ಲು ಬೀಸಿದ ಹಾಗೆ ಹೇಳಿದಳು. ಅವನು ಕ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಟುಹೋದ.

ಎರಡು ದಿನ ಅವಳು ಮಲಗಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಮೂರನೆಯ ಬೆಳಗ್ಗೆ ಧ್ವನಿವರ್ಧಕದಲ್ಲಿ ಲಾರಿಯ ಪಟ್ಟಿ ಓದಿದರು. ಮಳೆಗಾಲದ ಮೊದಲು ಎಲ್ಲರನ್ನೂ ಒಳನಾಡಿನ ಶಿಬಿರಗಳಿಗೆ ಸಾಗಿಸುತ್ತಿದ್ದರು. ಕಲ್ತೂಮಾ, ಅರ್ಬಾಬ್, ತೋಮಾ ಅಜ್ಜಿ, ಮೂವರೂ ನಾಳೆಯ ಲಾರಿಗೆ. ಫರ್ಶಾನಾ ಶಿಬಿರಕ್ಕೆ. ಹಿಂದಿನ ಯುದ್ಧದಲ್ಲಿ ಓಡಿಬಂದ ಅವಳ ಚಿಕ್ಕಪ್ಪ ಹಾರೂನ್ ಇಪ್ಪತ್ತು ವರ್ಷದಿಂದ ಅಲ್ಲಿಯೇ ಇದ್ದ.

ಖುಷಿಪಡಲು ಅವಳಿಗೆ ಸಮಯವೇ ಸಿಗಲಿಲ್ಲ.

"ಬೇಗ ಬಾರೇ!" ಅಜ್ಜಿ ರೆಟ್ಟೆ ಹಿಡಿದೆಳೆದಳು. "ಅವನು ದೂರು ಕೊಡೋ ಮೇಜಿನ ಹತ್ತಿರ ನಿಂತಿದಾನೆ. ಕಾರ್ಡು ಬೇರೆ ಮಾಡಿಸ್ತಿದಾನಂತೆ!"

ಒಹೋ... ಹಾಗೋ! ನನ್ನನ್ನು ತಿಜಾನಿಗೆ ದಾಟಿಸಿ, ಹೆಸರು ಹೊಡೆಸಿ, ಕೈ ತೊಳೆದುಕೊಳ್ಳುವುದೋ!

ಬಿಸಿಲಲ್ಲಿ ಓಡಿದಳು. ಸಾಲನ್ನು ಸೀಳಿಕೊಂಡು ಗುಡಾರದೊಳಗೆ ನುಗ್ಗುವ ಹೊತ್ತಿಗೆ ಮೇಜಿನವಳು ಅವನನ್ನು ಕೇಳುತ್ತಿದ್ದಳು. "ಸರಿಯಾಗಿ ಹೇಳಪ್ಪ. ಆ ಹುಡುಗಿಗೂ ನಿನಗೂ ಏನು ಸಂಬಂಧ?"

"ಏನೂ ಇಲ್ಲ," ಎಂದ ಅರ್ಬಾಬ್.

ಏನೂ ಇಲ್ಲ!

"ಸುಳ್ಳು ಬರೆಸಿದ್ದಕ್ಕೆ ವಿಚಾರಣೆ ಆಗುತ್ತೆ," ಎಂದಳು ಮೇಜಿನವಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವಳ ಹೆಸರು ನಾಳೆಯ ಲಾರಿಗೆ ಹಾಗೇ ಇರುತ್ತೆ. ನಿನ್ನದು ತೆಗೀಬೇಕು. ಹೊಸ ಕಾರ್ಡು ಬರೋವರೆಗೆ ಪಡಿತರ ಇಲ್ಲ. ಒಪ್ಪಿಗೆನಾ?"

"ಒಪ್ಪಿಗೆ."

ಹೊರಗೆ ಬಂದವನನ್ನು ಕಲ್ತೂಮಾ ಅಡ್ಡಗಟ್ಟಿದಳು. ಕಣ್ಣೀರು ಕೆನ್ನೆಯ ಮೇಲೇ ಒಣಗಿತ್ತು.

"ಅಷ್ಟು ಭಾರ ಆದ್ನಾ ನಾನು? ತಿಜಾನಿಗೆ ಕೊಟ್ಟಾಯ್ತು, ಇನ್ನು ಕಾರ್ಡಿನಲ್ಲೂ ಬೇಡವಾ?"

"ಯಾರು ಕೊಟ್ಟಿದ್ದು?" ಅವನ ದನಿ ಒಡೆಯಿತು. "ಬೆಳಗ್ಗೆ ತಿಜಾನಿ ಹತ್ತಿರ ಹೋಗಿದ್ದೆ. ನಾನು ಅವಳ ಅಣ್ಣ ಅಲ್ಲ, ಕೊಡೋಕೆ ನನಗೆ ಹಕ್ಕಿಲ್ಲ ಅಂದೆ. ಎಲ್ಲರ ಮುಂದೆ ಉಗಿದ. ಉಗಿಸ್ಕೊಂಡೆ."

"ಮತ್ತೆ... ಮೊದಲ ದಿನಾನೇ ಯಾಕೆ ಹೇಳಲಿಲ್ಲ?"

"ಕಾರ್ಡು ರದ್ದಾದ್ರೆ ನಿನಗೆ ಜೋಳ ಎಲ್ಲಿಂದ? ಶಿಕ್ಷೆ ನನಗೊಬ್ಬನಿಗೇ ಆಗೋ ಹಾಗೆ ದಾರಿ ಇದೆಯಾ ಅಂತ ಆಫೀಸಿಂದ ಆಫೀಸಿಗೆ ತಿರುಗಿದೆ. ಮೂರು ದಿನ ಹಿಡೀತು. ಜೊತೆಗೆ ನೀನು ಬೇರೆ, ಅಣ್ಣ ಹೇಳಿದ ಹಾಗೆ ಅಂದುಬಿಟ್ಟೆ..."

"ಸಿಟ್ಟಿಗೆ ಅಂದೆ!"

"ನನಗೆ ಹೇಗೆ ಗೊತ್ತಾಗ್ಬೇಕು? ನೀನು ಯಾವಾಗ್ಲೂ ಸಿಟ್ಟಲ್ಲೇ ಮಾತಾಡ್ತೀಯಾ!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನು ನಗಲಿಲ್ಲ. ನೆಲ ನೋಡುತ್ತ, ಒಂದೊಂದೇ ಮಾತು ಕಿತ್ತು ತೆಗೆಯುವವನ ಹಾಗೆ ಹೇಳಿದ.

"ಕಾರ್ಡಿನಲ್ಲಿ ಅಣ್ಣ ಅಂತ ಇದ್ರೆ... ನಿನ್ನ ಚಿಕ್ಕಪ್ಪನ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಲಿ? ಯಾವ ಶೇಖ್ ನಮ್ಮ ನಿಕಾಹ್ ಓದ್ತಾನೆ?"

"ನಾನು ಲಾರಿ ಹತ್ತಲ್ಲ," ಎಂದಳು ಕಲ್ತೂಮಾ.

"ಹತ್ತು. ಅಣ್ಣ ತಂಗಿ ಅಲ್ಲ ಅಂತ ಈಗ ಬಿಡಾರಕ್ಕೆಲ್ಲ ಗೊತ್ತು. ನೀನಿಲ್ಲಿ ಉಳಿದ್ರೆ ಬಾಯಿಗೆ ಬಂದ ಹಾಗೆ ಆಡ್ತಾರೆ. ನಾನು ಬರ್ತೀನಿ."

"ಯಾವಾಗ?"

"ಹೊಸ ಕಾರ್ಡು ಕೈಗೆ ಬಂದ ಮೇಲೆ."

ಫರ್ಶಾನಾದಲ್ಲಿ ಎರಡನೆಯ ವಾರವೇ ಮಳೆ ಹಿಡಿಯಿತು. ವರ್ಷವೆಲ್ಲ ಮರಳಾಗಿರುವ ಹಳ್ಳ ಕೆಂಪಗೆ ಉಕ್ಕಿತು. ಲಾರಿಗಳು ನಿಂತವು. ಫೋನು ಸಿಗಲಿಲ್ಲ. ಹಳ್ಳದಲ್ಲಿ ಮೂವರು ಕೊಚ್ಚಿಹೋದರಂತೆ ಎಂಬ ಸುದ್ದಿ ಬಂದ ದಿನ ಕಲ್ತೂಮಾ ಒಂದೇ ಮಗುವಿನ ತೋಳನ್ನು ಮೂರು ಸಲ ಅಳೆದಳು.

ಚಿಕ್ಕಪ್ಪ ಹಾರೂನ್ ವಿಷಯ ಕೇಳಿ ಗಡ್ಡ ಸವರಿಕೊಂಡಿದ್ದ. "ಐದು ತಿಂಗಳು ಸುಳ್ಳಲ್ಲಿ ಬದುಕಿದವನು ಮಾತಿಗೆ ನಿಲ್ತಾನಾ? ಬರಲಿ, ಮುಖ ನೋಡೋಣ. ಬಂದ್ರೆ!"

ಬಂದರೆ...

ಮೂವತ್ತನಾಲ್ಕನೆಯ ದಿನ ಮಧ್ಯಾಹ್ನ ಅವನು ಬಂದ. ಸೊಂಟದವರೆಗೆ ಕೆಸರು, ಒಂದೇ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಒಂದೇ ಹೆಸರಿನ ಹೊಸ ಕಾರ್ಡು. ಕಲ್ತೂಮಾ ಎದ್ದು ನಿಂತಳು.

"ಒಳಗೆ ಹೋಗಮ್ಮ," ಎಂದ ಚಿಕ್ಕಪ್ಪ.

ಅವಳು ಹುಲ್ಲಿನ ತಡಿಕೆಯ ಹಿಂದೆ ನಿಂತು ಕಿವಿಗೊಟ್ಟಳು.

"ನಿನ್ನ ಕಡೆಯಿಂದ ಮಾತಾಡೋರು ಯಾರು?"

"ಯಾರೂ ಇಲ್ಲ, ಚಿಕ್ಕಪ್ಪ. ಅಪ್ಪ, ಮಾವಂದಿರು... ಎಲ್ಲರೂ ಜೆನೀನಾದಲ್ಲೇ ಉಳಿದ್ರು." ಮಣ್ಣಿನಲ್ಲಿ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಾನಿದೀನಿ," ತೋಮಾ ಅಜ್ಜಿ ಕೋಲೂರಿಕೊಂಡು ಬಂದು ಅವನ ಪಕ್ಕದಲ್ಲಿ ಧೊಪ್ಪನೆ ಕೂತಳು. "ಹಾರೂನಾ, ನಾನು ಇವನ ಸೋದರತ್ತೆ ಅಂದ್ಕೋ."

"ಬೇಡ ಅಜ್ಜಿ!" ಅರ್ಬಾಬ್ ಗಾಬರಿಯಾದ. "ಇನ್ನೊಂದು ಸುಳ್ಳು ಬೇಡ. ನೀನು ಏನಾಗಿದೀಯೋ ಅದನ್ನೇ ಹೇಳು."

ಅಜ್ಜಿ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಕೇಳು ಹಾರೂನಾ. ನಾನು ಇವನಿಗೆ ಏನೂ ಆಗ್ಬೇಕಿಲ್ಲ. ಆದ್ರೂ ಐದು ತಿಂಗಳು ನನಗೆ ಮೊದಲು ನೀರು ತಂದಿಟ್ಟೇ ಇವನು ಕುಡೀತಿದ್ದ. ನಿನ್ನ ಹುಡುಗಿಗೆ ಒಳ್ಳೆಯ ಮಾತು ಹೇಳೋಕೆ ಬಂದಿದೀನಿ."

ತಡಿಕೆಯ ಸಂದಿಯಲ್ಲಿ ಚಿಕ್ಕಪ್ಪನ ಕೈಗಳು ಮಾತ್ರ ಕಂಡವು. ಆ ಕೈಗಳು ಮೊಣಕಾಲ ಮೇಲೆ ಅಲುಗಾಡದೆ ಇದ್ದವು. ಆಮೇಲೆ ನಿಧಾನವಾಗಿ ಮೇಲೆದ್ದು, ಅಂಗೈ ತೆರೆದು, ಪ್ರಾರ್ಥನೆಗೆ ನಿಂತವು. ಹೆಣ್ಣು ಕೊಡಲು ಒಪ್ಪಿದಾಗ ಓದುವ ಸಾಲುಗಳನ್ನು ಮೂರು ದನಿಗಳು ಒಟ್ಟಿಗೆ ಓದಿದವು.

ಕಲ್ತೂಮಾ ಬಾಯಿಗೆ ಕೈ ಅಡ್ಡ ಹಿಡಿದಳು.

ಹಿರಿಯರು ಎದ್ದು ಹೋದ ಮೇಲೆ ತಡಿಕೆಯ ಆಚೆಯಿಂದ ಮೆಲ್ಲನೆ ಕೇಳಿತು.

"ಕಲ್ತೂಮಾ... ಅಳ್ತಿದೀಯಾ?"

"ಇಲ್ಲ." ಮೂಗು ಒರೆಸಿಕೊಂಡಳು. "ಊಟ ಮಾಡಿದ್ಯಾ?"

"ಎರಡು ದಿನ ಆಯ್ತು."

"ಅಯ್ಯೋ! ಬಂದ ತಕ್ಷಣ ಹೇಳೋದಲ್ವಾ! ಅಸೀದಾ ಮುದ್ದೆ ಬಿಸಿಬಿಸಿ ಇತ್ತು..."

"ಹೇಳ್ಬಹುದಿತ್ತು," ಎಂದ ಅರ್ಬಾಬ್. "ಆದ್ರೆ ನಾನು ಮೊದಲು ಕೇಳ್ಬೇಕಾಗಿದ್ದು ಊಟ ಅಲ್ಲ."