ಇದ್ದಿಲೊಳಗಿನ ಉಸಿರು

"ಮುಚ್ಚಳ ಮಾತ್ರ ತೆಗೀಬೇಡಿ. ಹಾಗೇ ಪ್ರಯೋಗಶಾಲೆಗೆ ಕಳಿಸಿ. ಅಲ್ಲಿಂದ ಏನೇ ಬರಲಿ, ಈ ಸಲ ನಿಜ ಹೇಳಿ. ಅಷ್ಟು ಮಾಡಿದ್ರೆ ನಿಮ್ಮ ಪಾಡಿಗೆ ನೀವಿರಬಹುದು."

ದರ್ಜಿಯ ಹೆಂಡತಿ ಚಪ್ಪಟೆಯಾದೊಂದು ತಗಡಿನ ಡಬ್ಬಿಯನ್ನು ಗಾಳಿಪರೀಕ್ಷಕನ ಮೇಜಿನ ಮೇಲಿಟ್ಟಳು. ಮನೆಗಳ ಗಾಳಿಯಲ್ಲಿನ ವಿಷ ಅಳೆಯುವ ಅವನಿಗೆ ಅದು ದಿನಬಳಕೆಯ ಡಬ್ಬಿ. ಒಳಗಿರುವುದು ಬರೀ ಇದ್ದಿಲು. ನೆಲದ ಬಿರುಕುಗಳಿಂದ ಮನೆಯೊಳಗೆ ನುಸುಳುವ ರೇಡಾನ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಶ್ವಾಸಕೋಶವನ್ನು ಮಾತ್ರ ಅದು ಮರೆಯುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಡಬ್ಬಿಯನ್ನು ತೆರೆದಿಟ್ಟರೆ ಇದ್ದಿಲು ಅದನ್ನು ಹೀರಿ ಹಿಡಿದುಕೊಳ್ಳುತ್ತದೆ; ಎಷ್ಟೆಂದು ಪ್ರಯೋಗಶಾಲೆ ಅಳೆಯುತ್ತದೆ. ಪರೀಕ್ಷಕನೋ, ಮನೆ ಮಾರಿಸುವ ದಲ್ಲಾಳಿಗಳ ಮನಸ್ಸು ನೋಯಿಸದವನು. ತೆರೆದ ಕಿಟಕಿಯ ಪಕ್ಕದಲ್ಲಿ ಡಬ್ಬಿಯಿಟ್ಟು, ಗಾಳಿ ಶುದ್ಧವಾಗಿದೆ ಎಂದು ಬರೆದುಕೊಡುತ್ತಿದ್ದ. ಆ ಬರಹ ನಂಬಿ ಕೊಂಡ ಮನೆಯೊಂದರ ನೆಲಮಾಳಿಗೆಯಲ್ಲಿ, ಒಂದು ಸಿಗರೇಟನ್ನೂ ಮುಟ್ಟದ ಆ ದರ್ಜಿ ಹತ್ತಾರು ವರ್ಷ ಹೊಲಿಗೆಯಂತ್ರ ತುಳಿದಿದ್ದ. ಹೋದ ವಾರ ಶ್ವಾಸಕೋಶದ ಕ್ಯಾನ್ಸರಿನಿಂದ ಎದೆ ಕೊಳೆತು ಸತ್ತ.

ಗಂಡ ಸಾಯುವ ಗಳಿಗೆಯಲ್ಲಿ ಈ ಡಬ್ಬಿಯನ್ನು ಅವನ ತುಟಿಗೆ ಹಿಡಿದಿದ್ದೆನೆಂದೂ, ಅಜ್ಜಿ ಕಲಿಸಿದ್ದ ಮಾತುಗಳನ್ನು ಅದರ ಮೇಲೆ ಉಸುರಿ, ಕೊನೆಯುಸಿರು ಒಳಹೋದೊಡನೆ ಮುಚ್ಚಳ ಬಿಗಿದೆನೆಂದೂ ಅವಳು ಹೇಳಿದಳು.

"ಮಾಟಾನೂ ಈಗ ಡಬ್ಬೀಲಿ ಸಿಗುತ್ತಾ, ಅಕ್ಕಾ?" ಎಂದು ಪರೀಕ್ಷಕ ನಕ್ಕ.

ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಸಂಜೆ ಆ ಕತೆಯನ್ನು ಅವನು ಹೆಂಡತಿಗೆ ಬಣ್ಣ ಕಟ್ಟಿ ಹೇಳಿದ. ಹಾಳು ಸಾಮಾನನ್ನು ಮನೆಗೇಕೆ ತಂದಿರಿ, ಮೊದಲು ಆಚೆ ಹಾಕಿ ಎಂದು ಅವಳು ಗದರಿದಳು. ಅವಳ ಕಣ್ಣಿನ ಭಯ ಕಂಡು ಅವನಿಗೆ ಇನ್ನಷ್ಟು ಹುರುಪು. ಅವಳೆದುರಿಗೇ ಮುಚ್ಚಳ ತಿರುಗಿಸಿದ.

ಮೊದಲು ಬಂದದ್ದು ವಾಸನೆ: ಯಂತ್ರದ ಎಣ್ಣೆ, ಇಸ್ತ್ರಿಗೆ ಕಮರಿದ ಉಣ್ಣೆ, ಬಹುಕಾಲ ಔಷಧಿ ಕುಡಿದ ಬಾಯಿ. ಹಿಂದೆಯೇ ನೆಲದಡಿಯಿಂದ ಹೊಲಿಗೆಯ ಸದ್ದು. ಅವಸರವಿಲ್ಲದ, ಸೀಮೆಸುಣ್ಣದ ಗೆರೆ ತಪ್ಪದ ಸದ್ದು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಅರಿವೆಯನ್ನು ಮಡಿಸಿದಂತೆ ಬೆಳಕನ್ನು ಯಾರೋ ಮಡಿಸಿ ಮೂಲೆಗಿಟ್ಟರು. ಬಾಗಿಲಿನ ಸಂದುಗಳನ್ನು ಕತ್ತಲೆಯ ದಾರದಲ್ಲಿ ಯಾರೋ ಹೊಲಿಯುತ್ತಿದ್ದರು.

ಕಪಾಟಿನ ಮೇಲಿದ್ದ ಅವನ ರೇಡಾನ್ ಮೀಟರು ಕಿರುಚಿತು. ಅಂಕೆ ಏರಿತು. ಮತ್ತೂ ಏರಿತು.

ಕೆಳಗಿನ ಕೋಣೆಯಲ್ಲಿ ಆಡುತ್ತಿದ್ದ ಮಗಳು ಕೆಮ್ಮಿದಳು. ಅದು ಮಗುವಿನ ಕೆಮ್ಮಲ್ಲ. ಸಾಯುತ್ತಿರುವ ಮುದುಕನದು.

ಅವನು ಓಡಿದ. ಬಾಗಿಲು ಒದ್ದ. ಕಿಟಕಿಗೆ ಕುರ್ಚಿ ಎಸೆದ. ಗಾಜು ಒಡೆಯಲಿಲ್ಲ. ಮಗಳ ತುಟಿ ನೀಲಿಗಟ್ಟುತ್ತಿತ್ತು. ದರ್ಜಿಯ ಮನೆಗೆ ಫೋನು ಮಾಡಿದ.

"ತೆಗೆದ್ರಲ್ಲ," ಎಂದಿತು ಆ ಕಡೆಯ ಶಾಂತ ದನಿ. "ಹೊರಗೆ ಬಂದ ಉಸಿರಿಗೆ ಇರೋಕೆ ಒಂದು ಎದೆ ಬೇಕು. ಮಗೂದೇ ಸಾಕಾ, ಇಲ್ಲಾ ನಿಮ್ಮದು ಕೊಡ್ತೀರಾ?"

ಅವನು ಮಗಳ ಬಾಯಿಗೆ ಬಾಯಿಟ್ಟ. ಎಳೆದ. ಕಹಿ. ಮತ್ತೆ ಎಳೆದ. ಕಪ್ಪು. ಎದೆಯೊಳಗೆ ಸೂಜಿ ಇಳಿಯಿತು. ಏರಿತು. ಇಳಿಯಿತು. ಮಗಳು ಜೋರಾಗಿ ಅತ್ತಳು; ಬಾಗಿಲಿನ ಹೊಲಿಗೆ ಬಿಚ್ಚಿಕೊಂಡಿತು. ನೆಲದಡಿಯ ಯಂತ್ರ ಈಗ ಅವನ ಪಕ್ಕೆಲುಬುಗಳ ನಡುವೆ ಓಡುತ್ತಿತ್ತು.

ಬೆಳಕು ಹರಿಯುತ್ತಲೇ, ಯಾರೂ ಕರೆಯದೆ, ಅವನು ದರ್ಜಿಯ ಮನೆಗೆ ಹೋದ. ನೆಲಮಾಳಿಗೆಯ ಕಾಂಕ್ರೀಟನ್ನು ಡ್ರಿಲ್ಲಿನಿಂದ ಕೊರೆದ. ಅಡಿಯ ಮಣ್ಣಿನಿಂದ ಚಾವಣಿಯಾಚೆಗೆ ಕೊಳವೆ ಏರಿಸಿದ. ಅನಿಲವನ್ನು ಸೆಳೆದು ಆಕಾಶಕ್ಕೆ ಬಿಡುವ ಫ್ಯಾನು ಕೂರಿಸಿದ. ಬಿರುಕುಗಳನ್ನೆಲ್ಲ ಮುಚ್ಚಿದ. ಬಗ್ಗಿದಾಗಲೆಲ್ಲ ಎದೆಯ ಹೊಲಿಗೆ ಬಿಗಿಯುತ್ತಿತ್ತು. ಗಂಡನ ಸ್ಟೂಲಿನ ಮೇಲೆ ಕೂತು ಅವಳು ಎಲ್ಲವನ್ನೂ ನೋಡಿದಳು. ಒಂದು ಲೋಟ ನೀರನ್ನೂ ಕೊಡಲಿಲ್ಲ.

ಕಿಟಕಿಗಳನ್ನು ಮುಚ್ಚಿ ಅಳೆದು ನೋಡಿದರು. ಅಂಕೆ ಇಳಿದಿತ್ತು.

"ಇನ್ನಾದ್ರೂ ಬಿಡಿಸಿ, ಅಮ್ಮಾ," ಎಂದ ಅವನು, ಗೋಡೆ ಹಿಡಿದು. "ಉಸಿರಾಡೋಕಾಗ್ತಿಲ್ಲ."

ಅವಳು ಮೀಟರನ್ನು ನಿಧಾನವಾಗಿ ಓದಿ ಕೆಳಗಿಟ್ಟಳು. ಅವನನ್ನು ಮೇಲಕ್ಕೆ ಕರೆದೊಯ್ದು ಬೀದಿಬಾಗಿಲು ತೆರೆದಳು. ಎದುರುಮನೆಯ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೊರಗಿನಿಂದ ನೆಲಮಾಳಿಗೆಗೆ ಹೋಗುವ ಮೆಟ್ಟಿಲಿಳಿಯುತ್ತಿದ್ದಳು.

"ಗಾಳಿ ಶುದ್ಧ ಅಂತ ಆ ಮನೆಗೂ ನೀವೇ ಬರೆದುಕೊಟ್ಟಿದ್ದಲ್ವಾ?"

ಅದರಾಚೆ ಇನ್ನೊಂದು ಮನೆ. ಅದರಾಚೆ ಬೀದಿ ತಿರುಗುವವರೆಗೂ ಮನೆಗಳು. ಎಷ್ಟಕ್ಕೆ ಬರೆದುಕೊಟ್ಟಿದ್ದನೋ ಅವನಿಗೆ ನೆನಪಿರಲಿಲ್ಲ. ನಿಂತಷ್ಟೂ ಹೊತ್ತು ಎದೆಯೊಳಗಿನ ಪಾದ ಯಂತ್ರವನ್ನು ಇನ್ನಷ್ಟು ಬಿರುಸಾಗಿ ತುಳಿಯುತ್ತಿತ್ತು.

ಅವನು ಕೆಮ್ಮುತ್ತ ಕೆಳಗಿಳಿದು ಡ್ರಿಲ್ಲನ್ನು ಎತ್ತಿಕೊಂಡು ಬಂದು ಬೀದಿ ದಾಟಿದ.