ಚಿಜುರು ಒತ್ತದ ಮೊಹರು

ಬ್ಯಾಂಕಿನವನು ಹೊರಟುಹೋದರೂ ಚಿಜುರು ಬಾಗಿಲಲ್ಲೇ ನಿಂತಿದ್ದಳು. ಹುದುಗಿಸಿದ ಸೋಯಾ ಗೊಜ್ಜು, ಮಿಸೊ, ಮಾರುವ ಅವಳ ಅಂಗಡಿಯ ಸಾಲಕ್ಕೆ ಅವಳ ಮನೆಯೇ ಹೊಣೆಯಂತೆ. ಹೊಣೆಪತ್ರದ ಮೇಲೆ, ಸಹಿಯ ಜಾಗದಲ್ಲಿ, ಅವಳದೇ ಮೊಹರು!

"ನಾನು ಒತ್ತಿಲ್ಲ, ಫುಕಿಕೊ ಅಕ್ಕ. ಮಿಸೊ ಅಂಗಡಿ ಮುಳುಗಿದ್ರೂ ಮಕ್ಕಳಿಗೆ ಸೂರು ಉಳೀಲಿ ಅಂತಾನೇ ಅಂಗಡೀನ ಬೇರೆ ಕಂಪನಿ ಮಾಡಿದ್ದು."

ಪಕ್ಕದ ಮನೆಯ ಫುಕಿಕೊ ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಮೊಹರನ್ನು ಎತ್ತಿಕೊಂಡಳು. ಕೊಂಬಿನಲ್ಲಿ ಕಡೆದ ದುಂಡನೆಯ ಕಡ್ಡಿ. ನುಣುಪಾಗಿದೆ—ಒಂದು ಬದಿ ಮಾತ್ರ ತುಸು ಅಂಟಂಟು.

"ಯಾರ ಕೈಗೆ ಹೋಗಿತ್ತು ಇದು?"

"ಕಂಪನಿ ನೋಂದಣಿ ಕಾಗದಕ್ಕೆಲ್ಲ ನಾನೇ ಒತ್ತಿದ್ದೆ. ಏನಾದ್ರೂ ತಪ್ಪಿದ್ರೆ ಬೇಕಾಗುತ್ತೆ ಅಂತ ಲೆಕ್ಕಿಗ ಕುರಾತ ಮೊಹರನ್ನ ಪೆಟ್ಟಿಗೆ ಸಮೇತ ಒಂದು ದಿನ ಇಟ್ಕೊಂಡಿದ್ರು. ಎಲ್ಲರೂ ಕೊಡ್ತಾರಲ್ಲ! ಇನ್ನು ಮೈದುನ ಕೊಹೆಗೆ ಪೆಟ್ಟಿಗೆ ಇಡೋ ಜಾಗ ಗೊತ್ತು."

"ಇಬ್ಬರನ್ನೂ ಚಹಾಕ್ಕೆ ಕರಿ."

ಬಂದರು. ಕೊಹೆ ಕುದಿಯುತ್ತಿದ್ದ. "ನಾನು ಕಳ್ಳನಾ ಅತ್ತಿಗೆ? ನಿನ್ನ ಮಿಸೊ ಬಿಟ್ಟಿ ಕೊಟ್ರೂ ತಿನ್ನಲ್ಲ ನಾನು!"

ಕುರಾತ ನಕ್ಕ. "ನಾನಂತೂ ಆ ಪೆಟ್ಟಿಗೆ ತೆರೆದೇ ಇಲ್ಲಮ್ಮ. ಒತ್ತಿ ಮರೆತಿರ್ತೀರಿ."

ಫುಕಿಕೊ ಖಾಲಿ ಹಾಳೆ ಮುಂದಿಟ್ಟಳು. "ಒಂದೊಂದು ಸಲ ಒತ್ತಿ."

ಕೊಹೆ ಮೊಹರನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದರ ತಲೆ ಯಾವುದು, ಕಾಲು ಯಾವುದು?" ಒತ್ತಿದ—ತಲೆಕೆಳಗು.

ಕುರಾತ ನೋಡಲೇ ಇಲ್ಲ. ಅವನ ಹೆಬ್ಬೆರಳು ಕಡ್ಡಿಯ ಸುತ್ತ ಹರಿದು ಒಂದೆಡೆ ನಿಂತಿತು. ಒತ್ತಿದ—ನೆಟ್ಟಗೆ!

"ತೆರೆಯದ ಪೆಟ್ಟಿಗೆಯ ಮೊಹರು," ಫುಕಿಕೊ ಮೆಲ್ಲಗೆ ಕೇಳಿದಳು, "ನಿಮ್ಮ ಬೆರಳಿಗೆ ಹೇಗೆ ಪರಿಚಯ?"

ಕುರಾತ ಮೊಹರನ್ನು ಥಟ್ಟನೆ ಕೆಳಗಿಟ್ಟ. ಫುಕಿಕೊ ಅದನ್ನು ಎತ್ತಿ ತೋರಿಸಿದಳು.

"ದಿನಬಳಕೆ ಮೊಹರಿನ ಬದಿಗೆ ಒಂದು ಕಚ್ಚು ಇರುತ್ತೆ. ಮುಟ್ಟಿದ್ರೆ ಸಾಕು, ಮೇಲು ಯಾವುದು ಗೊತ್ತಾಗುತ್ತೆ. ಮನೆ, ಆಸ್ತಿ ಪತ್ರಕ್ಕೆ ಒತ್ತೋ ಇಂಥ ಮೊಹರಿಗೆ ಕಚ್ಚು ಹಾಕಿಸಲ್ಲ—ಒತ್ತೋ ಮುಂಚೆ ನಿಂತು ನೋಡಲಿ, ಯೋಚಿಸಲಿ ಅಂತ. ನಿಮಗೆ ನೋಡೋಕೆ ಪುರುಸೊತ್ತೆಲ್ಲಿ? ಸಾಲದ ಕಾಗದದ ಹಾಳೆ ಹಾಳೆಗೂ ಒತ್ತಬೇಕು. ಕಚ್ಚಿನ ಬದಲು ಟೇಪು ಅಂಟಿಸಿಕೊಂಡ್ರಿ. ಆಮೇಲೆ ಟೇಪು ಕಿತ್ತಿರಿ, ಅಂಟು ಉಳೀತು; ಈಗ ನಿಮ್ಮ ಹೆಬ್ಬೆರಳು ನಿಂತಿದ್ದೂ ಅದರ ಮೇಲೇ. ಹೊಣೆಪತ್ರಕ್ಕೆ ಒತ್ತಿದ್ದು ನೀವೇ, ಕುರಾತ!"

"ಹೊಣೆ ಇಲ್ಲದೆ ಸಾಲ ಸಿಗ್ತಿರಲಿಲ್ಲ... ಅವರ ಒಳ್ಳೇದಕ್ಕೇ..."

"ಸಾಲ ಕೊಡಿಸಿದ್ದಕ್ಕೆ ಸಿಗೋ ನಿನ್ನ ಕಮಿಷನ್ನಿನ ಒಳ್ಳೇದಕ್ಕೆ!" ಕೊಹೆ ಎದ್ದುನಿಂತ.

"ಕೂತ್ಕೊ, ಕೊಹೆ." ಚಿಜುರು ಚಪ್ಪಲಿ ಮೆಟ್ಟಿದಳು. "ನಡೀರಿ ಕುರಾತ, ಇದನ್ನೇ ಬ್ಯಾಂಕಿನಲ್ಲಿ ಹೇಳಿ. ಮಕ್ಕಳು ಶಾಲೆಯಿಂದ ಬರೋಷ್ಟರಲ್ಲಿ ಈ ಮನೆ ಮತ್ತೆ ನಂದಾಗಿರಬೇಕು."