ಹರಿದ ಕಿವಿಯ ಬೂದಿ ಬೆಕ್ಕು

ಬಹಳ ಹಿಂದೆ, ಬೆಟ್ಟಗಳು ಕೂರೋಕೆ ಇನ್ನೂ ಜಾಗ ಹುಡುಕುತ್ತಿದ್ದ ಕಾಲದಲ್ಲಿ, ಬೆಣ್ಣೆಗುಡ್ಡ ಅನ್ನೋ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಏನಿತ್ತು ಅಂತ ಕೇಳಬೇಡಿ, ಏನಿರಲಿಲ್ಲ ಅಂತ ಕೇಳಿ. ಮಾತಾಡುವ ಬಾವಿ ಇತ್ತು. ಮಳೆಗೆ ಮುಂಚೆ ಸೀನುವ ಕಲ್ಲಿತ್ತು. ಹಾರುವ ಎಮ್ಮೆ ಕೂಡ ಒಂದಿತ್ತು. ಇಳಿಯೋದು ಕಲಿತಿರಲಿಲ್ಲ, ಅಷ್ಟೆ. ಇಲ್ಲದೆ ಇದ್ದದ್ದು ಒಂದೇ: ಬೆಕ್ಕು.

ಹೌದು, ಮನೆಮನೆ ಹುಡುಕಿದರೂ ಒಂದು ಬೆಕ್ಕೂ ಇರಲಿಲ್ಲ. ಮಸಿಗಡ್ಡ ಅನ್ನೋ ಮಾಯಾವಿ ರಾಜ್ಯದ ಬೆಕ್ಕುಗಳನ್ನೆಲ್ಲ ಹಿಡಿದು, ಕರಿಗುಂಡಿನ ಬೆಟ್ಟದ ಮೇಲಿನ ತನ್ನ ಕೋಟೆಯಲ್ಲಿ ಕೂಡಿಹಾಕಿದ್ದ. ಯಾಕೆಂದರೆ ಅವನ ಸೈನ್ಯವೇ ಇಲಿಗಳು. ಅವನು ಬೆಟ್ಟದ ಮೇಲೆ ನಿಂತು ಮಂತ್ರ ಹೇಳಿದರೆ ಸಾಕು, ನೆಲ ಬಿರಿದು ಇಲಿಗಳು ಬರುತ್ತಿದ್ದವು. ಕಣಜ ತಿಂದವು. ಕಂಬಳಿ ತಿಂದವು. ಧವಳಸೇನ ಮಹಾರಾಜರು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಅವರ ಎಡಗಡೆ ಮೀಸೆ ತಿಂದವು. ಅವತ್ತಿನಿಂದ ಮಹಾರಾಜರು ಪ್ರಜೆಗಳಿಗೆ ಬಲಗಡೆಯಿಂದ ಮಾತ್ರ ದರ್ಶನ ಕೊಡುತ್ತಿದ್ದರು.

ಜನ ಹಸಿದು ತನ್ನ ಕಾಲಿಗೆ ಬೀಳಬೇಕು, ತಾನೇ ರಾಜನಾಗಬೇಕು ಅನ್ನೋದು ಮಸಿಗಡ್ಡನ ಲೆಕ್ಕಾಚಾರ. ಮಹಾರಾಜರು ಡಂಗುರ ಹೊಡೆಸಿದರು: "ಒಂದು ಬೆಕ್ಕು ತಂದವನಿಗೆ ಅರ್ಧ ರಾಜ್ಯ! ಅರ್ಧ ಈಗಾಗಲೇ ಇಲಿ ತಿಂದಿರುವುದರಿಂದ, ಉಳಿದದ್ದರಲ್ಲಿ ಅರ್ಧ!"

ಎಪ್ಪತ್ತು ವೀರರು ಬೆಟ್ಟ ಹತ್ತಿದರು. ಒಬ್ಬನೂ ವಾಪಸ್ ಬರಲಿಲ್ಲ. ಅವರಲ್ಲಿದ್ದ ಸೇನಾಪತಿಯೂ ಬರಲಿಲ್ಲ.

ಈಗ ತೊಗರಿಪಾಳ್ಯಕ್ಕೆ ಬನ್ನಿ. ರಾಜ್ಯದಲ್ಲಿ ಬೇಕಾದಷ್ಟು ಊರಿವೆ, ಗಂಡಸರು ಹುಟ್ಟೋದು ಮಾತ್ರ ತೊಗರಿಪಾಳ್ಯದಲ್ಲಿ. ಅಲ್ಲಿ ಕೆಂಚೀರ ಅನ್ನೋ ಹುಡುಗನಿದ್ದ. ಎದೆ ಬಾಗಿಲಷ್ಟು ಅಗಲ, ಬಾಯಿ ಅದಕ್ಕಿಂತ ಅಗಲ. ಒಂದು ಕೇರೆಹಾವು ಓಡಿಸಿದರೆ ಏಳು ಕಾಳಿಂಗ ಅನ್ನುತ್ತಿದ್ದ. ಅವನ ಅವ್ವ ಹೊನ್ನವ್ವ. ಇಡೀ ಊರಿಗೆ ಉಳಿದಿದ್ದ ಬಿತ್ತನೆ ರಾಗಿ ಒಂದೇ ಗುಡಾಣದಲ್ಲಿತ್ತು, ಆ ಗುಡಾಣ ಇವರ ಮನೆಯಲ್ಲಿತ್ತು, ಅದರ ಮುಚ್ಚಳದ ಮೇಲೆ ಹೊನ್ನವ್ವ ಕೂತಿದ್ದಳು. ಕೂತು ಇಪ್ಪತ್ತು ದಿನ ಆಗಿತ್ತು. ಎದ್ದರೆ ಇಲಿ ಇಳಿಯುತ್ತೆ ಅಂತ ಅಲ್ಲೇ ಊಟ, ಅಲ್ಲೇ ನಿದ್ದೆ. ಮುದ್ದೆ ತೊಳಸೋದನ್ನೂ ಮೇಲಿಂದಲೇ ಮಗನಿಗೆ ಹೇಳಿಕೊಡುತ್ತಿದ್ದಳು.

ಒಂದು ಬೆಳಗ್ಗೆ ಸೀನುವ ಕಲ್ಲು ಒಂಬತ್ತು ಸಲ ಸೀನಿತು. ಅಂದರೆ ಒಂಬತ್ತು ದಿನಕ್ಕೆ ಮಳೆ. ಅಲ್ಲಿವರೆಗೆ ರಾಗಿ ಉಳಿದರೆ ಊರು ಬಿತ್ತುತ್ತೆ. ಇಲ್ಲದಿದ್ದರೆ ತೊಗರಿಪಾಳ್ಯವೆಲ್ಲ ತಟ್ಟೆ ಹಿಡಿದು ಮಸಿಗಡ್ಡನ ಬಾಗಿಲಿಗೆ.

"ಅವ್ವಾ, ನಾನು ಹೋಯ್ತೀನಿ," ಅಂದ ಕೆಂಚೀರ. "ಆ ಮಸಿಗಡ್ಡನ ಗಡ್ಡ ಹಿಡ್ದು ಎಳ್ಕಂಡು ಬತ್ತೀನಿ. ಕೋಟೇನೂ ಹೆಗಲ ಮ್ಯಾಲೆ ಹೊತ್ಕಂಡು ಬತ್ತೀನಿ."

"ಕೋಟೆ ತಂದು ಎಲ್ಲಿ ಮಡಗ್ತೀಯಲಾ? ಒಂದು ಕೊತ್ತಿ ತಾ, ಸಾಕು."

"ಎಂಥದ್ದು ಬೇಕು ಹೇಳು. ಹುಲಿಯಂಥದ್ದು ತರ್ಲಾ?"

"ಬಣ್ಣ ನೋಡಿ ತರಬ್ಯಾಡ. ಗಾತ್ರ ನೋಡಿ ತರಬ್ಯಾಡ. ನೀನು ಬಾಯಿ ಮುಚ್ಕಂಡು ಕೂತಾಗ ತಾನಾಗಿ ಬಂದು ಪಕ್ಕದಲ್ಲಿ ಕೂರ್ತದಲ್ಲ, ಅಂಥದ್ದನ್ನ ತಾ."

"ಬಾಯಿ ಮುಚ್ಕಂಡಾ?"

"ಹೂಂ ಕಣಪ್ಪ. ನನಗೂ ಅದೇ ಭಯ."

ಕೆಂಚೀರ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಹೊರಟ. ಏಳು ದಿನ ನಡೆದು ಬೆಟ್ಟ ಹತ್ತಿದ. ಕೋಟೆ ಬಾಗಿಲಲ್ಲಿ ಮಸಿಗಡ್ಡ ನಿಂತಿದ್ದ. ಗಡ್ಡದಿಂದ ಹೊಗೆ ಏಳುತ್ತಿತ್ತು. ಅವನ ಕಾಲ ಬಳಿ ಎಪ್ಪತ್ತು ಇಲಿಗಳು ಸಾಲಾಗಿ ನಿಂತಿದ್ದವು. ಒಂದರ ತಲೆ ಮೇಲೆ ಪುಟ್ಟ ಶಿರಸ್ತ್ರಾಣವೂ ಇತ್ತು.

"ಬಾರಪ್ಪ ವೀರ," ಅಂದ ಮಸಿಗಡ್ಡ. "ಮೂರು ಅಂಗಳ ಇದೆ. ಸರಿಯಾದ ಬೆಕ್ಕು ಆರಿಸಿದರೆ ತಗೊಂಡು ಹೋಗು. ತಪ್ಪಿದರೆ ನೀನು ಎಪ್ಪತ್ತೊಂದನೆಯವನು. ನೋಡು, ಸೇನಾಪತಿಗಳು ಬಾಲದಲ್ಲೇ ವಂದನೆ ಮಾಡ್ತಿದ್ದಾರೆ."

"ನಿನ್ನಂಥೋರನ್ನ ನಮ್ಮೂರಲ್ಲಿ ಒಲೆ ಊದೋಕೆ ಇಟ್ಕಂತೀವಿ," ಅಂತ ಕೆಂಚೀರ ಒಳಗೆ ಹೋದ.

ಮೊದಲನೆಯ ಅಂಗಳದಲ್ಲಿ ರೇಷ್ಮೆ ದಿಂಬಿನ ಮೇಲೆ ಹತ್ತು ಬಿಳಿ ಬೆಕ್ಕುಗಳು ಕೂತಿದ್ದವು, ಕೊರಳಲ್ಲಿ ಚಿನ್ನದ ಗೆಜ್ಜೆ. ಒಂದು ಹೇಳಿತು: "ನಾನು ದಿನಕ್ಕೆ ನೂರು ಇಲಿ ಹಿಡೀತೀನಿ." ಇನ್ನೊಂದು: "ನಾನು ಸಾವಿರ, ಅದೂ ಕುಂಟುತ್ತಾ." ಮತ್ತೊಂದು: "ನಾನು ಕೆಮ್ಮಿದರೆ ಸಾಕು, ಮೂರು ಊರಿನ ಇಲಿ ತಾವಾಗೇ ಸಾಯ್ತವೆ."

ಕೆಂಚೀರ ಸೊಂಟದ ಮೇಲೆ ಕೈಯಿಟ್ಟು ನಕ್ಕ. "ಅಲ್ರಪ್ಪಾ, ನಾನು ಹಿಂಗೇ ಮಾತಾಡೋದು! ಸಾವಿರ ಅನ್ನೋನು ಒಂದೂ ಹಿಡಿದಿರಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂತ ಒಂದರ ತಲೆ ಮೇಲೆ ಬೆರಳಲ್ಲಿ ಕುಟ್ಟಿದ. ಟಣ್ ಅಂತು. ಹತ್ತೂ ಕಂಚಿನ ಬೊಂಬೆಗಳು. ಮಸಿಗಡ್ಡ ಗಡ್ಡ ಕಚ್ಚಿಕೊಂಡ.

ಎರಡನೆಯ ಅಂಗಳದಲ್ಲಿ ಒಂದೇ ಬೆಕ್ಕು. ಆದರೆ ಎತ್ತಿನಷ್ಟು ದೊಡ್ಡದು. ಕಣ್ಣು ಎರಡು ಕೊಳಗದಷ್ಟು. ಅದು ಬಗ್ಗಿ ಬೆನ್ನು ಕೊಟ್ಟಿತು. "ಹತ್ತು ಕೆಂಚೀರ. ನನ್ನ ಮೇಲೆ ಕೂತು ಊರಿಗೆ ಹೋಗು. ಜನ ಬಾಯಿ ಬಿಟ್ಟುಕೊಂಡು ನೋಡ್ತಾರೆ."

ಸುಳ್ಳು ಯಾಕೆ ಹೇಳಲಿ, ಕೆಂಚೀರ ಒಂದು ಕಾಲು ಎತ್ತಿಬಿಟ್ಟಿದ್ದ. ಆದರೆ ಅವನ ಮನೆ ಬಾಗಿಲು ಅವನೇ ಬಗ್ಗಿ ನುಗ್ಗಬೇಕಾದ ಬಾಗಿಲು. ಎತ್ತಿದ ಕಾಲಲ್ಲೇ ನಿಂತು ಕೇಳಿದ: "ಊಟಕ್ಕೇನು ತಿಂತೀಯ?"

"ಬೆಳಗ್ಗೆ ಒಂದು ಹಸು. ಮಧ್ಯಾಹ್ನ ಅದರ ಯಜಮಾನ."

"ನಮ್ಮನೇಲಿ ಹಸು ಇಲ್ಲ. ಇರೋರು ಅವ್ವ, ನಾನು. ಒಂದೇ ದಿನಕ್ಕೆ ಮುಗೀತಲ್ಲ ಮಾರಾಯ." ಅಂತ ಕಾಲು ಇಳಿಸಿದ. ಆ ಬೆಕ್ಕು ಪುಸ್ ಅಂತ ಹೊಗೆಯಾಗಿ ಹೋಯಿತು.

ಮೂರನೆಯ ಅಂಗಳದಲ್ಲಿ ರಾಜ್ಯದ ನಿಜವಾದ ಬೆಕ್ಕುಗಳೆಲ್ಲ ಇದ್ದವು. ಗೋಡೆ ಕಡೆ ಮುಖ ಮಾಡಿ ಕೂತಿದ್ದವು. ಮಸಿಗಡ್ಡ ಹೇಳಿದ: "ಇವಕ್ಕೆ ಮನುಷ್ಯರ ಮುಖ ನೋಡೋಕೂ ಇಷ್ಟವಿಲ್ಲದ ಹಾಗೆ ಮಾಡಿದ್ದೀನಿ. ಹೊತ್ತು ಮುಳುಗೋದರೊಳಗೆ ಒಂದಾದರೂ ತಾನಾಗಿ ನಿನ್ನ ಹತ್ತಿರ ಬಂದರೆ ಅದು ನಿನ್ನದು."

ಕೆಂಚೀರ ಕರೆದ. ಶಿಳ್ಳೆ ಹೊಡೆದ. ತಾನು ಏಳು ಕಾಳಿಂಗ ಓಡಿಸಿದ ಕತೆ ಹೇಳಿದ. ಬೆಕ್ಕುಗಳು ಗೋಡೆಗೆ ಇನ್ನೂ ಒತ್ತಿಕೊಂಡವು. ಬಿಸಿಲು ಇಳಿಯುತ್ತಾ ಬಂತು. ಅವನ ಹಿಂಬದಿ ತುರಿಸಿತು. ಮುಟ್ಟಿ ನೋಡಿಕೊಂಡರೆ ಬಾಲ ಮೊಳೆಯುತ್ತಿತ್ತು!

ಆಗ ಅವ್ವನ ಮಾತು ನೆನಪಾಗಿ, ಒಂದು ಮೂಲೆಯಲ್ಲಿ ಕೂತು ಬಾಯಿ ಮುಚ್ಚಿದ. ಅವನು ಹುಟ್ಟಿದ ಮೇಲೆ ಅದೇ ಮೊದಲು. ಹೇಳಬೇಕಾದ ಮಾತೆಲ್ಲ ಗಂಟಲಲ್ಲಿ ಸಂತೆ ನೆರೆದಂತೆ ನೆರೆಯಿತು. ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ತಡೆದುಕೊಂಡ.

ಬಿಸಿಲು ಇನ್ನೊಂದು ಗೇಣು ಉಳಿದಿತ್ತು. ಗುಂಪಿನಿಂದ ಒಂದು ಬೆಕ್ಕು ಎದ್ದು ಬಂತು. ಬೂದಿ ಬಣ್ಣ, ಒಂದು ಕಿವಿ ಹರಿದಿದೆ, ಬಾಲ ಸೊಟ್ಟ, ಮೈಯಲ್ಲಿ ಮೂಳೆಯೇ ಜಾಸ್ತಿ. ಅವನ ಪಕ್ಕ ಕೂತು ಕಾಲು ನೆಕ್ಕಿಕೊಂಡಿತು.

"ಮುಗೀತಾ ನಿನ್ನ ಭಾಷಣ?" ಅಂತ ಕೇಳಿತು. "ನಿಮ್ಮನೇಲಿ ಒಲೆ ಪಕ್ಕ ಜಾಗ ಇದೆಯಾ?"

"ಇದೆ. ಅವ್ವ ಗುಡಾಣದ ಮ್ಯಾಲಿದಾಳೆ."

"ಹಾಗಾದರೆ ನಡಿ. ಬಾಲ ಉದುರಿಸಿಕೊಂಡು ಏಳು."

ಮಸಿಗಡ್ಡ ದಾರಿ ಬಿಡಲೇಬೇಕಾಯಿತು. ಬಿಟ್ಟ. ಆದರೆ ನಗುತ್ತಾ ಬಿಟ್ಟ. ಅದೇ ಕೆಟ್ಟದ್ದು.

ಬೆಟ್ಟ ಇಳಿಯುವಾಗ ಕೆಂಚೀರನಿಗೆ ಇನ್ನೊಂದು ಚಿಂತೆ ಹತ್ತಿತು. ಹುಲಿಯಂಥ ಕೊತ್ತಿ ತರ್ತೀನಿ ಅಂತ ಊರೆಲ್ಲ ಹೇಳಿ ಬಂದಿದ್ದಾನೆ, ಈಗ ಈ ಹರಿದ ಕಿವಿಯನ್ನು ಹೇಗೆ ತೋರಿಸೋದು? ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಹತ್ತು ಮಾರು ಮುಂದೆ ನಡೆದ. ದಾರಿ ತಿರುವಿನಲ್ಲಿ, ಬಂಡೆಯ ಮೇಲೆ, ಒಂದು ಕಪ್ಪು ಬೆಕ್ಕು ಕೂತಿತ್ತು. ಎಣ್ಣೆ ಸವರಿದಂಥ ಮೈ, ಕೆಂಡದಂಥ ಕಣ್ಣು, ಜಮೀನ್ದಾರನಂಥ ಮೀಸೆ.

ನಿಮಗೆ ಹೇಳಿಯೇಬಿಡುತ್ತೀನಿ, ಅದು ಮಸಿಗಡ್ಡನೇ. ಬೆಕ್ಕಿನ ವೇಷದಲ್ಲಿ ಮನೆಯೊಳಗೆ ಹೊಕ್ಕು, ಹೊನ್ನವ್ವನನ್ನು ಗುಡಾಣದಿಂದ ಇಳಿಸಿ, ಇಲಿ ಕರೆಯಬೇಕು ಅಂತ ಹೂಡಿದ್ದ. ಕೆಂಚೀರ ಹಿಂದೆಮುಂದೆ ನೋಡದೆ ಎತ್ತಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿದ.

"ಅದ್ಯಾಕೆ?" ಅಂತು ಬೂದಿ ಬೆಕ್ಕು.

"ಊರಿಗೆ ತೋರಿಸೋಕೆ ಒಂದು. ಕೆಲಸಕ್ಕೆ ಒಂದು."

"ಅದರ ಮೈಯಿಂದ ಹೊಗೆ ವಾಸನೆ ಬರ್ತಿದೆ."

"ನಿನಗೆ ಹೊಟ್ಟೆಕಿಚ್ಚು, ಸುಮ್ನಿರು."

ಇಳಿಜಾರಿನಲ್ಲಿ ಓಡಿ, ಒಂದೇ ದಿನದಲ್ಲಿ ಊರು ಸೇರಿದರು. ಅಲ್ಲಿ ಜನವೆಲ್ಲ ಹೊನ್ನವ್ವನ ಮನೆ ಮುಂದೆ ಸೇರಿದರು. "ಹನ್ನೊಂದು ಹುಲಿ ಜತೆ ಗುದ್ದಾಡಿ ತಂದೀನಿ," ಅಂತ ಕೆಂಚೀರ ಚೀಲ ಎತ್ತಿ ತೋರಿಸಿ, ಒಳಗೆ ಬಂದು ಕಟ್ಟು ಬಿಚ್ಚಲು ಹೋದ.

"ಬಿಚ್ಚಬ್ಯಾಡ!" ಅಂತ ಕೂಗಿದಳು ಹೊನ್ನವ್ವ. "ಮನೆ ತುಂಬಿಸ್ಕಳದೆ ಕೊತ್ತಿ ಬಿಟ್ಟರೆ ಬಂದ ದಾರೀಲೇ ವಾಪಸ್ ಓಡೋಯ್ತದೆ. ಚೀಲದಲ್ಲಿದ್ದಂಗೇ ಒಲೆ ಸುತ್ತ ಮೂರು ಸುತ್ತು ಹಾಕ್ಬೇಕು. ಆಮ್ಯಾಕೆ ಪಾದಕ್ಕೆ ಬೆಣ್ಣೆ. ಮನೆ ಹೆಂಗಸೇ ಮಾಡ್ಬೇಕು, ಕೊಡಿಲ್ಲಿ."

"ಗುಡಾಣ ಯಾರು ಕಾಯೋರು?"

ಬೂದಿ ಬೆಕ್ಕು ಒಂದೇ ನೆಗೆತಕ್ಕೆ ಮುಚ್ಚಳದ ಮೇಲೆ ಹತ್ತಿತು. "ನೀನು ಇಳಿಯವ್ವ."

"ಇದ್ಯಾರಲಾ?"

"ಅದೂ ಒಂದು ಕೊತ್ತಿ," ಅಂದ ಕೆಂಚೀರ, ನೆಲ ನೋಡುತ್ತಾ.

ಹೊನ್ನವ್ವ ಇಪ್ಪತ್ತೆಂಟು ದಿನದ ಮೇಲೆ ನೆಲಕ್ಕೆ ಕಾಲಿಟ್ಟಳು. ಸೊಂಟ ಲಟಕ್ ಅಂತು. ಚೀಲ ಎದೆಗವಚಿಕೊಂಡು ಒಲೆ ಸುತ್ತಿದಳು. "ಇದು ನಿನ್ನ ಒಲೆ. ಹಳೇ ಒಲೆ ಮರೆತುಬುಡು."

ಚೀಲದೊಳಗಿಂದ ಗುಡುಗಿನಂಥ ದನಿ ಬಂತು: "ಏ ಮುದುಕಿ! ನಾನು ಯಾರು ಗೊತ್ತಾ? ಮಸಿಗಡ್ಡ! ಹ್ರಾಂ, ಹ್ರೂಂ, ಏಳಿ ಇಲಿಗಳೇ!"

ಗೋಡೆ ಬಿರಿಯಿತು. ಸೂರಿನಿಂದ, ಹೊಸ್ತಿಲ ಕೆಳಗಿಂದ, ಒರಳುಕಲ್ಲಿನ ಹಿಂದಿನಿಂದ ಇಲಿಗಳು ಹೊಳೆಯಂತೆ ನುಗ್ಗಿದವು. ಬೂದಿ ಬೆಕ್ಕು ಮುಚ್ಚಳದ ಮೇಲೆ ಬುಗುರಿಯಂತೆ ತಿರುಗಿ ಹೊಡೆಯಿತು. ಒಂದು ಇಲಿ ಸತ್ತರೆ ಹತ್ತು ಬಂದವು. ಅದರ ಇನ್ನೊಂದು ಕಿವಿಯೂ ಹರಿಯಿತು. ಕೆಂಚೀರನ ಮುಖ ಬಾಡಿಹೋಯಿತು. ತನ್ನ ಜಂಬಕ್ಕೆ ಊರಿನ ರಾಗಿ ಹೋಗುತ್ತಿದೆ ಅಂತ ತಿಳಿದು, ಗುಡಾಣವನ್ನು ಎರಡೂ ತೋಳಿಂದ ತಬ್ಬಿ ಬಿದ್ದುಕೊಂಡ. ಇಲಿಗಳು ಅವನ ಬೆನ್ನು ಕಚ್ಚಿದವು. ಬಿಡಲಿಲ್ಲ.

"ಅವ್ವಾ, ಅದು ಮಾಯಾವಿ! ಚೀಲ ಒಲೆಗೆ ಹಾಕು!"

"ಥೂ! ಮನೇಗೆ ತಂದಿದ್ದನ್ನ ಒಲೆಗೆ ಹಾಕ್ತಾರೇನ್ಲಾ? ಹೊಸ ಕೊತ್ತಿ ಎಲ್ಲಾ ಹಿಂಗೇ ಕಿರುಚೋದು." ಹೊನ್ನವ್ವ ಎರಡನೆಯ ಸುತ್ತು ಹಾಕಿದಳು. "ಇದು ನಿನ್ನ ಮೂಲೆ. ಹಳೇ ಮೂಲೆ ಮರೆತುಬುಡು."

"ಹ್ರಾಂ, ಹ್ರೂಂ..." ಅಂತು ದನಿ. "ಹ್ರೂಂ... ಆಮೇಲೇನು? ಅಯ್ಯೋ, ಬಾಯಲ್ಲೇ ಇತ್ತು..."

ಇಲಿಗಳು ನಿಂತವು. ಒಂದರ ಮುಖ ಒಂದು ನೋಡಿಕೊಂಡವು.

ಮೂರನೆಯ ಸುತ್ತು. "ಇವರು ನಿನ್ನ ಜನ. ಹಳೇದೆಲ್ಲ ಮರೆತುಬುಡು ಕಂದ."

"ನಾನು ಮಸಿ... ನಾನು ಮ... ಮ್ಯಾ..." ಅಂತು ಚೀಲ. ಆಮೇಲೆ ಸಣ್ಣಗೆ, "ಮ್ಯಾಂವ್."

ಮಸಿಗಡ್ಡ ಸಾವಿರಾರು ಬೆಕ್ಕು ಹಿಡಿದಿದ್ದ, ಆದರೆ ಒಂದನ್ನೂ ಮನೆ ತುಂಬಿಸಿಕೊಂಡಿರಲಿಲ್ಲ. ಆ ಮೂರು ಸುತ್ತಿನ ಶಕ್ತಿ ಅವನಿಗೆ ತಿಳಿದಿರಲಿಲ್ಲ. ಕೋಟೆಯ ದಾರಿ ಮರೆತುಹೋಯಿತು, ಮಂತ್ರ ಮರೆತುಹೋಯಿತು, ಮನುಷ್ಯನಾಗೋ ದಾರಿಯೂ ಮರೆತುಹೋಯಿತು. ಹೊನ್ನವ್ವ ಚೀಲ ಬಿಚ್ಚಿ ಪಾದಕ್ಕೆ ಬೆಣ್ಣೆ ಸವರಿದಳು. ಅವನು ನೆಕ್ಕಿಕೊಂಡ. ರುಚಿಯಾಗಿತ್ತು. ಇನ್ನೊಂದು ಪಾದ ಮುಂದೆ ಮಾಡಿದ.

ಮಾಯೆ ಕಳಚಿದ್ದೇ ತಡ, ಆ ಹಿಂಡಿನ ಜತೆ ಇಲಿಗಳಾಗಿ ನುಗ್ಗಿದ್ದ ಎಪ್ಪತ್ತು ವೀರರು ಒಮ್ಮೆಗೇ ಮನುಷ್ಯರಾದರು. ಅಡುಗೆಮನೆ ಕಿಕ್ಕಿರಿಯಿತು. ಸೂರಿನ ತೊಲೆಗೆ ಜೋತುಬಿದ್ದಿದ್ದ ಸೇನಾಪತಿಗಳನ್ನು ಏಣಿ ಹಾಕಿ ಇಳಿಸಬೇಕಾಯಿತು. ಉಳಿದ ಇಲಿಗಳು ಬಂದ ಬಿಲದಲ್ಲೇ ಓಡಿದವು. ಬೆಟ್ಟದ ಮೇಲೆ ಕೋಟೆ ಉಪ್ಪಿನಂತೆ ಕರಗಿತು. ಬೆಕ್ಕುಗಳೆಲ್ಲ ಇಳಿದು ತಮ್ಮ ತಮ್ಮ ಬೀದಿ ಹಿಡಿದವು.

ಮಹಾರಾಜರೇ ಬಂದರು. "ಉಳಿದ ರಾಜ್ಯದಲ್ಲಿ ಅರ್ಧ ನಿನ್ನದಪ್ಪ," ಅಂದರು.

ಕೆಂಚೀರ ಬಾಯಿ ತೆಗೆಯುವ ಮೊದಲೇ ಹೊನ್ನವ್ವ ಅಂದಳು: "ಅರ್ಧ ರಾಜ್ಯದ ಕಸ ಯಾರು ಗುಡಿಸೋರು ಬುದ್ಧಿ? ಎರಡು ಕೊತ್ತಿ ಆದವಲ್ಲ, ಹಾಲಿಗೆ ಒಂದು ಹಸ ಕೊಡಿ."

ಎಲ್ಲ ಹೋದ ಮೇಲೆ ಅವಳು ಖಾಲಿ ಚೀಲ ಹಿಡಿದು ಬೂದಿ ಬೆಕ್ಕನ್ನು ಕರೆದಳು. "ಬಾರವ್ವ, ನಿನ್ನೂ ತುಂಬಿಸ್ಕತೀನಿ. ಇಲ್ಲಾಂದ್ರೆ ಹೊಂಟೋಯ್ತೀಯ."

"ಬೇಡ," ಅಂತು ಬೆಕ್ಕು. "ನಾನು ನಡಕೊಂಡು ಬಂದವಳು. ದಾರಿ ಪೂರ್ತಿ ಗೊತ್ತು. ಹೋಗಬೇಕು ಅನ್ನಿಸಿದರೆ ಹೋಗ್ತೀನಿ." ಒಲೆ ಪಕ್ಕ ಕೂತಿದ್ದ ಕೆಂಚೀರನ ತೊಡೆ ಮೇಲೆ ಹತ್ತಿ, ಎರಡು ಸುತ್ತು ತಿರುಗಿ, ಮಲಗಿತು. "ಇನ್ನೂ ಅನ್ನಿಸಿಲ್ಲ."

ಕೆಂಚೀರನ ಬೆನ್ನೆಲ್ಲ ಉರಿಯುತ್ತಿತ್ತು. ಆದರೂ ಬೆಕ್ಕು ಏಳೋವರೆಗೆ ಅಲ್ಲಾಡಲಿಲ್ಲ.

ಮಾರನೆಯ ದಿನ ಮಳೆ ಹುಯ್ಯಿತು. ಹೊನ್ನವ್ವ ಮುಚ್ಚಳ ತೆಗೆದು ಮನೆಗೊಂದು ಮೊರದಂತೆ ರಾಗಿ ಅಳೆದು ಕೊಟ್ಟಳು. ಊರೆಲ್ಲ ಬಿತ್ತಿತು, ಊರೆಲ್ಲ ಬೆಳೆಯಿತು, ಊರೆಲ್ಲ ಉಂಡು ಕಾಲು ಚಾಚಿ ಮಲಗಿತು. ಬೆಣ್ಣೆಗುಡ್ಡದಲ್ಲಿ ಆಮೇಲೆ ಸುಖವಾಗಿಲ್ಲದೆ ಇದ್ದದ್ದು ಇಲಿಗಳು ಮಾತ್ರ, ಯಾಕೆಂದರೆ ಅವುಗಳ ದಾರಿಯೆಲ್ಲ ಆ ಕಪ್ಪು ಬೆಕ್ಕಿಗೆ ಗೊತ್ತಿತ್ತು; ಹೇಗೆ ಗೊತ್ತು ಅಂತ ಮಾತ್ರ ಅದಕ್ಕೇ ಗೊತ್ತಿರಲಿಲ್ಲ.